ಸಿನಿಮಾ ಹಾಡು ಚೀನಾದ ರಾಷ್ಟ್ರಗೀತೆಯಾದ ಕಥೆ

2015ರ ಹೊತ್ತಿಗೆ ಹಾಂಗ್‌ಕಾಂಗ್‌ನ ಫುಟ್‌ಬಾಲ್ ಪಂದ್ಯಗಳಲ್ಲಿ ಚೀನಾದ ರಾಷ್ಟ್ರಗೀತೆ ‘ಸ್ವಯಂಸೈನಿಕರ ಪಥಸಂಚಲನ’ ಶುರುವಾದರೆ ಸಾಕು, ಪ್ರೇಕ್ಷಕರು ಕೂಗೆಬ್ಬಿಸುತ್ತಿದ್ದರು. 2017ರಲ್ಲಿ ಚೀನಾ, 2020ರಲ್ಲಿ ಹಾಂಗ್‌ಕಾಂಗ್ ಕಾನೂನು ತಂದವು. ಗೀತೆಗೆ ಅವಮಾನ ಮಾಡಿದರೆ ಈಗ ಮೂರು ವರ್ಷದವರೆಗೆ ಜೈಲು. ಅದನ್ನು ಬರೆದ ಕವಿ ತಿಯಾನ್ ಹಾನ್ ಅವರೋ ಎರಡು ಸರ್ಕಾರಗಳ ಜೈಲು ಕಂಡವರು.

1931ರ ಸೆಪ್ಟೆಂಬರ್ 18ರಂದು ಜಪಾನಿ ಸೈನಿಕರು ಈಶಾನ್ಯ ಚೀನಾದ ಮುಕ್ಡೆನ್ ನಗರದ ಬಳಿ ತಮ್ಮದೇ ರೈಲು ಹಳಿಗೆ ಸಿಡಿಮದ್ದಿಟ್ಟು, ಆಪಾದನೆಯನ್ನು ಚೀನೀಯರ ತಲೆಗೆ ಕಟ್ಟಿ, ಆ ಭಾಗದ ಮಂಚೂರಿಯ ಪ್ರಾಂತವನ್ನು ನುಂಗತೊಡಗಿದರು. ಆಗ ಊರವರು, ಚದುರಿದ ಸೈನಿಕರು ತಾವೇ ಕಟ್ಟಿಕೊಂಡ ಪಡೆಗಳೇ ಈ ಗೀತೆಯ ‘ಸ್ವಯಂಸೈನಿಕರು’.

ಆ ಹೋರಾಟದ ಹಿನ್ನೆಲೆಯಲ್ಲಿ ಶಾಂಘೈನ ಕಂಪನಿಯೊಂದು ಸಿನಿಮಾ ತೆಗೆಯಿತು. ಕಥೆ, ಹಾಡು ತಿಯಾನ್ ಹಾನ್ ಅವರದು. 1935ರ ಫೆಬ್ರವರಿಯಲ್ಲಿ ಆಗ ಚೀನಾವನ್ನು ಆಳುತ್ತಿದ್ದ ಕುಮಿಂಟಾಂಗ್ ಪಕ್ಷದ ಸರ್ಕಾರ ಅವರನ್ನು ಬಂಧಿಸಿತು. ಹಾಡನ್ನು ಸಿಗರೇಟ್ ಪ್ಯಾಕಿನ ಹಾಳೆಯ ಮೇಲೆ ಬರೆದರೆಂಬ ಕಥೆಯೂ ಇದೆ. ಕೇಳಲು ಎಷ್ಟು ಸೊಗಸೆಂದರೆ ನಂಬಲು ಹಿಂಜರಿಕೆಯಾಗುತ್ತದೆ. ರಾಗ ಹಾಕಿದ್ದು ನೈರುತ್ಯ ಚೀನಾದ ಯುನ್ನಾನಿನ ಹುಡುಗ ನೀ ಎರ್. ಬಂಧನದ ಭಯಕ್ಕೆ ಏಪ್ರಿಲ್‌ನಲ್ಲಿ ಅವರು ಊರು ಬಿಟ್ಟು ಹೋದದ್ದು ಜಪಾನಿಗೇ! ಜಪಾನ್ ವಿರುದ್ಧದ ಹಾಡಿಗೆ ಕೊನೆಯ ರೂಪ ಸಿಕ್ಕಿದ್ದೂ ಅಲ್ಲೇ. ಸ್ವರಲಿಪಿ ಅಲ್ಲಿಂದ ಶಾಂಘೈಗೆ ಬಂತು. ಕಹಳೆಯಂತೆ ಆರಂಭ, ಮುಂದೆ ‘ಎದ್ದೇಳಿ’ ಎಂಬ ಕೂಗು ಮೂರು ಸಲ, ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ. ಸಂಗೀತ ಬಾರದವರೂ ಗುಂಪಿನಲ್ಲಿ ದನಿಗೂಡಿಸಬಹುದು. ಮೇ 24ಕ್ಕೆ ಸಿನಿಮಾ ತೆರೆಕಂಡಿತು. ಜುಲೈ 17ರಂದು ಜಪಾನಿನ ಫುಜಿಸಾವಾದ ಕಡಲಲ್ಲಿ ಈಜಲು ಹೋದ ನೀ ಎರ್ ಮುಳುಗಿ ತೀರಿಕೊಂಡರು. ವಯಸ್ಸು 23.

1937ರಲ್ಲಿ ಜಪಾನಿನೊಡನೆ ಪೂರ್ಣ ಯುದ್ಧ ಹತ್ತಿಕೊಂಡಾಗ ಹಾಡು ಸಿನಿಮಾ ದಾಟಿ ಬೀದಿ, ಶಿಬಿರ ಸೇರಿತು. ಅಮೆರಿಕದ ಗಾಯಕ ಪಾಲ್ ರೋಬ್ಸನ್ 1941ರಲ್ಲಿ ಚೀನೀ ಭಾಷೆಯಲ್ಲೇ ಹಾಡಿ ಧ್ವನಿಮುದ್ರಿಸಿದರು. ಕಮ್ಯುನಿಸ್ಟರು ಅಧಿಕಾರ ಹಿಡಿಯುವಾಗ, 1949ರ ಸೆಪ್ಟೆಂಬರ್ 27ರಂದು ಅದು ತಾತ್ಕಾಲಿಕ ರಾಷ್ಟ್ರಗೀತೆಯಾಯಿತು. ದೇಶ ಗೆದ್ದಾಯಿತಲ್ಲ, ‘ಜನಾಂಗಕ್ಕೆ ಕಡು ಅಪಾಯದ ಹೊತ್ತು’ ಎಂಬ ಸಾಲು ಇನ್ನೇಕೆ ಎಂದು ಕೆಲವರು ತಕರಾರು ತೆಗೆದರೂ ಸಾಲು ಉಳಿಯಿತು.

ಕವಿಗೆ ಆ ಭಾಗ್ಯವಿರಲಿಲ್ಲ. ಕಮ್ಯುನಿಸ್ಟ್ ನಾಯಕ ಮಾವೋ 1966ರಲ್ಲಿ ಆರಂಭಿಸಿದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮತ್ತೆ ಸೆರೆಯಾದ ತಿಯಾನ್ ಹಾನ್ 1968ರಲ್ಲಿ ಅಲ್ಲೇ ಕಣ್ಮುಚ್ಚಿದರು. ಅವರ ಪದಗಳಿಗೂ ಬಾಯಿ ಕಟ್ಟಿತು, ವಾದ್ಯಗಳಲ್ಲಿ ರಾಗವಷ್ಟೇ ಉಳಿಯಿತು. 1978ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನೂ ಮಾವೋ ಅವರನ್ನೂ ಹೊಗಳುವ ಹೊಸ ಸಾಹಿತ್ಯ ಬಂತು. ಅದು ಜನರ ನಾಲಿಗೆಗೆ ಹತ್ತಲೇ ಇಲ್ಲ. 1982ರಲ್ಲಿ ಹಳೆಯ ಪದಗಳನ್ನೇ ಮರಳಿ ತಂದರು.

2022ರ ನವೆಂಬರ್‌ನಲ್ಲಿ ಕೋವಿಡ್ ನಿರ್ಬಂಧಗಳ ವಿರುದ್ಧ ವಾಯವ್ಯ ಚೀನಾದ ಉರುಂಚಿ ನಗರದಲ್ಲಿ ಬೀದಿಗಿಳಿದವರು ಹಾಡಿದ್ದೂ ಇದನ್ನೇ: ‘ಗುಲಾಮರಾಗಲು ಒಪ್ಪದವರೇ, ಎದ್ದೇಳಿ.’