ಡೆಂಗಿ: ಕೌಂಟ್ ಹಿಂದೆ ಓಡಬೇಡಿ, ಸೋರಿಕೆ ಹಿಡಿಯಿರಿ

ಮಳೆಗಾಲದಲ್ಲಿ ಮೆಡಿಸಿನ್ ವಾರ್ಡಿಗೆ ಪೋಸ್ಟಿಂಗ್ ಬಿದ್ದರೆ ಬೆಳಗ್ಗೆಯಿಂದ ರಾತ್ರಿವರೆಗೆ ಕಿವಿಗೆ ಬೀಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಕೌಂಟ್ ಎಷ್ಟು ಬಂತು?" ಕೌಂಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ. ರೋಗಿಯ ಕಡೆಯವರು ಹಾಗೆ ಕೇಳುವುದು ಸಹಜ. ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಡೆಂಗಿಯಲ್ಲಿ ಶಾಕ್ ಯಾಕೆ ಆಗುತ್ತೆ?" ಅಂತ ಕೇಳಿದಾಗ ನಾವೂ "ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗುತ್ತೆ ಸರ್" ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. ಜಾಸ್ತಿ ರೋಗಿಗಳನ್ನು ಶಾಕಿಗೆ (ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿಗೆ) ತಳ್ಳುವುದು ಪ್ಲಾಸ್ಮಾ ಸೋರಿಕೆ, ಅಂದರೆ ರಕ್ತದ ದ್ರವಭಾಗ ನಾಳದಿಂದ ಹೊರಗೆ ಸೋರುವುದು. ದೊಡ್ಡ ರಕ್ತಸ್ರಾವ ಬಹಳ ಸಲ ಬರುವುದೇ ಶಾಕ್ ಎಳೆದಾಡಿದ ಮೇಲೆ.

ವೈರಸ್ ಬಗ್ಗೆ ಬೇಗ ಮುಗಿಸುತ್ತೇನೆ. ಫ್ಲಾವಿವೈರಸ್ ಗುಂಪಿನ ಆರ್‌ಎನ್‌ಎ ವೈರಸ್, ನಾಲ್ಕು ಸಿರೊಟೈಪ್ (ಉಪಬಗೆ). ಹಗಲು ಕಚ್ಚುವ ಈಡಿಸ್ ಸೊಳ್ಳೆ ತರುತ್ತದೆ. ಚರ್ಮದ ಡೆಂಡ್ರಿಟಿಕ್ ಕೋಶಗಳಿಗೆ ಮೊದಲು ಹೊಕ್ಕು, ಆಮೇಲೆ ಮಾನೊಸೈಟ್, ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕೋಶಗಳಲ್ಲಿ ಬೆಳೆಯುತ್ತದೆ. ಈ ಕೊನೆಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜ್ವರ 2ರಿಂದ 7 ದಿನ. ಜ್ವರ ಇಳಿಯುವ ಹೊತ್ತಿಗೆ ಸುಮಾರು 24ರಿಂದ 48 ಗಂಟೆ ಕ್ರಿಟಿಕಲ್ ಹಂತ. ಆಮೇಲೆ ಚೇತರಿಕೆ. ಜ್ವರ ಬಿಟ್ಟಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ನಾವು ಕಣ್ಣು ತೆರೆದು ಕೂರಬೇಕು. ಯಾಕೆ ಹೀಗೆ ತಿರುಗಾಮುರುಗಾ? ರಕ್ತದಲ್ಲಿ ವೈರಸ್ ಪ್ರಮಾಣ ತುತ್ತತುದಿಗೆ ಹೋಗುವುದು ಜ್ವರದ ಮೊದಲ ದಿನಗಳಲ್ಲಿ. ಸೋರಿಕೆ ಜೋರಾಗುವಾಗ ವೈರಸ್ ಆಗಲೇ ಇಳಿಯುತ್ತಿರುತ್ತದೆ. ಅಂದರೆ ಈ ಹಂತದಲ್ಲಿ ಹಾನಿ ಮಾಡುತ್ತಿರುವುದು ಹೆಚ್ಚಾಗಿ ನಮ್ಮದೇ ಪ್ರತಿರಕ್ಷಣಾ ವ್ಯವಸ್ಥೆ.

ಈಗ ಸೋರಿಕೆಗೆ ಬರೋಣ. ರಕ್ತನಾಳದ ಒಳಗೋಡೆ ಎಂಡೊಥೀಲಿಯಂ ಅಂತ ನಮಗೆಲ್ಲ ಗೊತ್ತು. ಅದರ ಮೇಲೆ ಗ್ಲೈಕೊಕ್ಯಾಲಿಕ್ಸ್ ಅಂತ ಸಕ್ಕರೆ ಮತ್ತು ಪ್ರೋಟೀನ್ ಎಳೆಗಳ ಇನ್ನೊಂದು ಪದರ ಇದೆ. ಹೊಳೆಯ ಕಲ್ಲಿನ ಮೇಲೆ ಪಾಚಿ ಕೂತ ಹಾಗೆ. ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ನಾಳದೊಳಗೇ ಉಳಿಯುವುದಕ್ಕೆ ಈ ಪದರ ಮುಖ್ಯ ಕಾರಣ. ಸೋಂಕಿತ ಕೋಶಗಳು ಎನ್‌ಎಸ್1 ಅನ್ನುವ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ನಾವು ಮೊದಲ ದಿನಗಳಲ್ಲಿ ಟೆಸ್ಟ್ ಮಾಡಿಸುತ್ತೇವಲ್ಲ, ಅದೇ ಎನ್‌ಎಸ್1. ಅದು ಬರೀ ರೋಗ ಗುರುತಿಸುವ ಮಾರ್ಕರ್ ಅಂತ ಅಂದುಕೊಂಡು ಮುಂದೆ ಹೋಗಬೇಡಿ. ಎಂಡೊಥೀಲಿಯಂ ಕೋಶಗಳಲ್ಲಿ ಸಿಯಾಲಿಡೇಸ್, ಹೆಪರನೇಸ್ ಥರದ ಎನ್‌ಜೈಮ್‌ಗಳನ್ನು ಎಬ್ಬಿಸಿ ಗ್ಲೈಕೊಕ್ಯಾಲಿಕ್ಸನ್ನು ಕೆರೆದು ಹಾಕುವುದು, ಟಿಎಲ್‌ಆರ್4 ಅನ್ನುವ ರಿಸೆಪ್ಟರ್ ಮೂಲಕ ಮಾನೊಸೈಟ್‌ಗಳನ್ನು ಕೆರಳಿಸಿ ಸೈಟೊಕೈನ್ (ಉರಿಯೂತದ ಸಂದೇಶ ವಸ್ತು) ಬಿಡಿಸುವುದು, ಎರಡೂ ಅದರ ಕೆಲಸ. ಜೊತೆಗೆ ಟಿಎನ್ಎಫ್ ಆಲ್ಫಾ, ವಿಇಜಿಎಫ್ ಥರದ ಸಂದೇಶ ಪ್ರೋಟೀನ್‌ಗಳು, ಮಾಸ್ಟ್ ಕೋಶಗಳಿಂದ ಬರುವ ವಸ್ತುಗಳು ಸೇರಿ ಕೋಶ ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ನೀರು, ಆಲ್ಬುಮಿನ್ ಹೊರಗೆ ಹೋಗುತ್ತವೆ. ಕೆಂಪು ರಕ್ತಕಣ ದೊಡ್ಡದು, ಒಳಗೇ ಉಳಿಯುತ್ತದೆ. ಹಾಗಾಗಿ ರಕ್ತ ಗಟ್ಟಿಯಾಗುತ್ತಾ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಏರುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಡೆಂಗಿಯಿಂದ ಸತ್ತವರ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೇಳಿಕೊಳ್ಳುವಂಥ ಹರಿದ ಗುರುತು, ಉರಿಯೂತ ಕಾಣಿಸುವುದಿಲ್ಲ. ನಾಳ ಒಡೆದಿಲ್ಲ, ಅದರ ಕೆಲಸ ಕೆಟ್ಟಿದೆ ಅಷ್ಟೇ. ಅದಕ್ಕೇ ಸೋರಿಕೆ ಒಂದೆರಡು ದಿನದಲ್ಲಿ ತಾನಾಗೇ ನಿಲ್ಲುತ್ತದೆ. ಆ ಒಂದೆರಡು ದಿನ ರೋಗಿಯನ್ನು ದಾಟಿಸಿದರೆ ಸಾಕು. ಡೆಂಗಿಯ ಇಡೀ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ.

ಸರಿ, ಎರಡನೇ ಸಲ ಬಂದರೆ ಯಾಕೆ ಜಾಸ್ತಿ ಕಾಟ? ಒಂದು ಸಿರೊಟೈಪ್ ಬಂದು ಹೋದರೆ ಅದರ ವಿರುದ್ಧ ರಕ್ಷಣೆ ದೀರ್ಘಕಾಲ ಇರುತ್ತದೆ. ಬೇರೆ ಸಿರೊಟೈಪ್ ಬಂದಾಗ ಹಳೇ ಆಂಟಿಬಾಡಿಗಳು ಅದಕ್ಕೂ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಮುಗಿಸುವಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಆಂಟಿಬಾಡಿ ಅಂಟಿದ ವೈರಸ್ಸನ್ನು ಮಾನೊಸೈಟ್, ಮ್ಯಾಕ್ರೊಫೇಜ್‌ಗಳು ಆಂಟಿಬಾಡಿಯನ್ನು ಹಿಡಿಯುವ ಎಫ್‌ಸಿ ಗಾಮಾ ರಿಸೆಪ್ಟರ್ ಮೂಲಕ ಒಳಗೆ ಎಳೆದುಕೊಳ್ಳುತ್ತವೆ. ಮೇಲೆ ಹೇಳಿದ್ದು ನೆನಪಿದೆ ಅಲ್ವಾ, ಈ ವೈರಸ್ ಬೆಳೆಯುವ ಜಾಗವೇ ಆ ಕೋಶಗಳು! ಕಾಯಬೇಕಾದ ಆಂಟಿಬಾಡಿಯೇ ಕೈಹಿಡಿದು ಮನೆಯೊಳಗೆ ಕರೆದುಕೊಂಡು ಹೋದ ಹಾಗಾಯಿತು. ವೈರಸ್ ಜಾಸ್ತಿ, ಎನ್‌ಎಸ್1 ಜಾಸ್ತಿ, ಸೈಟೊಕೈನ್ ಜಾಸ್ತಿ. ಇದನ್ನೇ ಎಡಿಇ (ಆಂಟಿಬಾಡಿ ಡಿಪೆಂಡೆಂಟ್ ಎನ್‌ಹಾನ್ಸ್‌ಮೆಂಟ್) ಅನ್ನುವುದು. ಈ ವಾದವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್.

ಇದು ಬರೀ ಲ್ಯಾಬಿನ ಕತೆ ಅನ್ನಿಸಿದರೆ ಕ್ಯೂಬಾ ನೋಡಿ. 1977ರಲ್ಲಿ ಅಲ್ಲಿ ಸಿರೊಟೈಪ್ 1 ಹರಡಿತು, ಹೆಚ್ಚಿನವರಿಗೆ ಸೌಮ್ಯ ಜ್ವರ. 1981ರಲ್ಲಿ ಸಿರೊಟೈಪ್ 2 ಬಂತು. 3 ಲಕ್ಷಕ್ಕೂ ಹೆಚ್ಚು ಜನಕ್ಕೆ ಕಾಯಿಲೆ, 158 ಸಾವು, ಸತ್ತವರಲ್ಲಿ 101 ಮಕ್ಕಳು. ಮತ್ತೆ 1997ರಲ್ಲಿ ಸಾಂಟಿಯಾಗೊ ಡಿ ಕ್ಯೂಬಾದಲ್ಲಿ ಅದೇ ಸಿರೊಟೈಪ್ 2 ಕಾಣಿಸಿಕೊಂಡಾಗ ತೀವ್ರ ಕಾಯಿಲೆ ಬಂದದ್ದು ದೊಡ್ಡವರಿಗೆ. ಸಿರೊಟೈಪ್ 1ರ ಅಲೆ ಮುಗಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಆ ಹಳೇ ಆಂಟಿಬಾಡಿಯೇ ಇರಲಿಲ್ಲ, ಅವರು ಬಚಾವ್. ಸುಮಾರು ಇಪ್ಪತ್ತು ವರ್ಷ ಆದರೂ ಆ ನೆನಪು ದೊಡ್ಡವರ ರಕ್ತದಲ್ಲಿ ಉಳಿದಿತ್ತು ನೋಡಿ.

ಹಸುಗೂಸುಗಳದ್ದು ಇನ್ನೊಂದು ಸಾಕ್ಷಿ. ತಾಯಿಯಿಂದ ಬಂದ ಆಂಟಿಬಾಡಿ ಮೊದಲ ತಿಂಗಳುಗಳಲ್ಲಿ ಕಾಪಾಡುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಅದು ಇಳಿದು, ಕಾಪಾಡಲು ಸಾಲದು ಆದರೆ ಎಡಿಇ ಮಾಡಲು ಸಾಕು ಅನ್ನುವ ಮಟ್ಟಕ್ಕೆ ಬಂದಾಗ, ಮಗುವಿಗೆ ಮೊದಲ ಸೋಂಕಿನಲ್ಲೇ ಶಾಕ್ ಆಗಬಹುದು. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಲಸಿಕೆ ಶುರು ಮಾಡಿ 2017ರ ಕೊನೆಗೆ ನಿಲ್ಲಿಸಬೇಕಾಗಿ ಬಂದದ್ದಕ್ಕೂ ಬೇರು ಇಲ್ಲೇ ಇದೆ. ಡೆಂಗಿ ಬಂದೇ ಇಲ್ಲದ ಮಕ್ಕಳಿಗೆ ಲಸಿಕೆಯೇ ಮೊದಲ ಸೋಂಕಿನ ಪಾತ್ರ ಮಾಡಿತು, ಆಮೇಲೆ ಬಂದ ನಿಜವಾದ ಸೋಂಕು ಎರಡನೆಯದರ ಹಾಗೆ ವರ್ತಿಸಿತು ಅನ್ನುವುದು ಒಪ್ಪಿತ ವಿವರಣೆ. ಹಾಗಂತ ಮೊದಲ ಸಲ ಬಂದ ಡೆಂಗಿ ಅಂದರೆ ನಿಶ್ಚಿಂತೆ ಅಂತ ಬರೆಯಬೇಡಿ. ಮೊದಲ ಸೋಂಕಿನಲ್ಲೂ ತೀವ್ರವಾದ ಕೇಸ್‌ಗಳು ಬರುತ್ತವೆ.

ಈಗ ಒಂದು ಕೇಸ್ ಊಹಿಸಿಕೊಳ್ಳಿ. 22 ವರ್ಷದ ಹುಡುಗಿ. ಜ್ವರದ ಮೂರನೇ ದಿನ ಪಿಸಿವಿ 38, ಪ್ಲೇಟ್‌ಲೆಟ್ 1 ಲಕ್ಷ 10 ಸಾವಿರ. ಐದನೇ ದಿನ ಜ್ವರ ಇಲ್ಲ. ಎರಡು ಸಲ ವಾಂತಿ, ಹೊಟ್ಟೆನೋವು. ಪಿಸಿವಿ 46, ಪ್ಲೇಟ್‌ಲೆಟ್ 42 ಸಾವಿರ, ನಾಡಿ 118, ಬಿಪಿ 100/84. ಅಮ್ಮನಿಗೆ 42 ಸಾವಿರ ನೋಡಿ ಗಾಬರಿ. ನಮಗೆ ಗಾಬರಿ ಆಗಬೇಕಾದದ್ದು ಉಳಿದ ಅಂಕಿಗಳನ್ನು ನೋಡಿ. 38ರಿಂದ 46 ಅಂದರೆ ಶೇ 21 ಏರಿಕೆ. ಶೇ 20 ದಾಟಿದರೆ ಗಣನೀಯ ಸೋರಿಕೆ ಅಂತ ಲೆಕ್ಕ. ಮತ್ತೆ ಆ ಬಿಪಿ. ಮೇಲಿನದು 100 ಇದೆಯಲ್ಲ, ಪರವಾಗಿಲ್ಲ ಅಂತ ಕೇಸ್ ಶೀಟಿನಲ್ಲಿ 'ಸ್ಟೇಬಲ್' ಬರೆದು ಹೋದರೆ ಮುಗೀತು. ಮೇಲಿನದು, ಕೆಳಗಿನದು ಎರಡರ ಅಂತರ, ಅಂದರೆ ಪಲ್ಸ್ ಪ್ರೆಶರ್, ಬರೀ 16. ಪ್ಲಾಸ್ಮಾ ಸೋರಿದಾಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ, ಪ್ರತಿ ಬಡಿತಕ್ಕೆ ಹೊರಗೆ ಹೋಗುವುದೂ ಕಡಿಮೆ. ಸಿಂಪಥೆಟಿಕ್ ನರಗಳು ಸಣ್ಣ ಅಪಧಮನಿಗಳನ್ನು ಬಿಗಿಮಾಡುತ್ತವೆ, ಕೆಳಗಿನ ಒತ್ತಡ ಏರುತ್ತದೆ. ಹೀಗೆ ಮೇಲಿನದು ಕುಸಿಯುವ ಮೊದಲೇ ಪಲ್ಸ್ ಪ್ರೆಶರ್ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರುತ್ತದೆ. ಚರ್ಮದ ರಕ್ತ ಕಡಿತವಾಗಿ ಕೈಕಾಲು ತಣ್ಣಗೆ. ಮಿದುಳಿಗೆ ಸಾಕಷ್ಟು ಹೋಗುತ್ತಿರುವುದರಿಂದ ಹುಡುಗಿ ಎದ್ದು ಕೂತು ಫೋನ್ ನೋಡುತ್ತಿರಬಹುದು! ಕೈ ಮುಟ್ಟಿ ನೋಡದೆ ಡೆಂಗಿ ರೌಂಡ್ಸ್ ಮುಗಿಸಬೇಡಿ.

ಪಿಸಿವಿ ಓದುವಾಗ ಎರಡು ಎಚ್ಚರಿಕೆ. ನಮ್ಮಲ್ಲಿ ರಕ್ತಹೀನತೆ ತುಂಬಾ ಜನಕ್ಕಿದೆ, 30 ಇದ್ದವರಿಗೆ 37 ಆದರೂ ಅದು ಏರಿಕೆಯೇ, ಲ್ಯಾಬ್ ರಿಪೋರ್ಟ್ 'ನಾರ್ಮಲ್' ಅಂದರೂ ಸರಿ. ಇನ್ನೊಂದು, ಪಿಸಿವಿ ಇಳಿದರೆ ಖುಷಿಪಡುವ ಮೊದಲು ರೋಗಿಯನ್ನು ನೋಡಿ. ನಾಡಿ ನಿಧಾನವಾಗಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಪ್ಲಾಸ್ಮಾ ವಾಪಸ್ ಬರುತ್ತಿದೆ. ನಾಡಿ ಓಡುತ್ತಾ ಬಿಪಿ ಕುಸಿಯುತ್ತಾ ಪಿಸಿವಿ ಇಳಿದರೆ ಒಳಗೆಲ್ಲೋ ರಕ್ತಸ್ರಾವ, ಬಹುಮಟ್ಟಿಗೆ ಹೊಟ್ಟೆ ಕರುಳಲ್ಲಿ. ಆಗ ಬೇಕಾದ್ದು ರಕ್ತ.

ಹಾಗಾದರೆ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ? ಅಸ್ಥಿಮಜ್ಜೆಯಲ್ಲಿ ತಯಾರಿಕೆ ಕುಗ್ಗುತ್ತದೆ, ಹೊರಗೆ ಬಂದವು ಕೆರಳಿ ಎಂಡೊಥೀಲಿಯಂಗೆ ಅಂಟಿ ಖರ್ಚಾಗುತ್ತವೆ, ಆಂಟಿಬಾಡಿ ಅಂಟಿ ನಾಶವೂ ಆಗುತ್ತವೆ. ಹೊರಗಿಂದ ಕೊಟ್ಟ ಪ್ಲೇಟ್‌ಲೆಟ್ಟಿಗೂ ಅದೇ ಗತಿ. ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ 20 ಸಾವಿರಕ್ಕೆ ಇಳಿದ, ರಕ್ತಸ್ರಾವ ಇಲ್ಲದ ದೊಡ್ಡವರಿಗೆ ಮುಂಜಾಗ್ರತೆಗೆ ಅಂತ ಪ್ಲೇಟ್‌ಲೆಟ್ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ರಕ್ತಸ್ರಾವ ತಡೆಯುವಲ್ಲಿ ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ. ಪಪ್ಪಾಯ ಎಲೆ ರಸದ ವಿಷಯಕ್ಕೆ ಬಂದರೆ, ಕೌಂಟ್ ಒಂದಿಷ್ಟು ಬೇಗ ಏರುತ್ತದೆ ಅನ್ನುವ ಸಣ್ಣ ಅಧ್ಯಯನಗಳು ಇವೆ, ಆದರೆ ಅದು ಸೋರಿಕೆ ನಿಲ್ಲಿಸುತ್ತದೆ ಅಂತ ಯಾರೂ ತೋರಿಸಿಲ್ಲ. ಸುಮ್ನೆ ಖಾಲಿ ಹೊಟ್ಟೆಗೆ ಆ ಕಹಿ ಕುಡಿಸಿ ಇನ್ನೆರಡು ವಾಂತಿ ಮಾಡಿಸುವುದು ಯಾಕೆ?

ಕೊನೆಯದಾಗಿ ಡ್ರಿಪ್. ಸೋರಿಕೆ ನಡೆಯುವಾಗ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬೇಕು, ಆದರೆ ನಾಳ ತುಂಬಿ ತುಳುಕುವಷ್ಟು ಬೇಡ, ಯಾಕೆಂದರೆ ಹಾಕಿದ್ದರಲ್ಲೂ ಒಂದು ಪಾಲು ಎದೆಗೂಡಿಗೆ, ಹೊಟ್ಟೆಗೆ ಸೋರುತ್ತದೆ. ಗಂಟೆಗೆ ಒಂದು ಕಿಲೋ ತೂಕಕ್ಕೆ ಅರ್ಧ ಎಂಎಲ್ ಮೂತ್ರ ಬರುತ್ತಿದ್ದರೆ ಸಾಕು. ಆರೇಳನೇ ದಿನ ಹೊರಗೆ ಹೋದದ್ದೆಲ್ಲ ನಾಳಕ್ಕೆ ವಾಪಸ್ ಬರಲು ಶುರುವಾಗುತ್ತದೆ. ಹಸಿವಾಗುತ್ತದೆ, ನಾಡಿ ನಿಧಾನವಾಗುತ್ತದೆ, ಕೆಲವರಿಗೆ ಕಾಲಿನ ಮೇಲೆ ಕೆಂಪು ಗಂಧೆ ನಡುವೆ ಬಿಳಿ ಚುಕ್ಕೆ, ವಿಪರೀತ ತುರಿಕೆ. ಈಗ ಡ್ರಿಪ್ ನಿಲ್ಲಿಸಬೇಕು. ಪ್ಲೇಟ್‌ಲೆಟ್ ಇನ್ನೂ 30 ಸಾವಿರ ಇದೆ ಅಂತ ಹೆದರಿ ಇದೇ ಹೊತ್ತಿಗೆ ಇನ್ನೆರಡು ಬಾಟಲಿ ಏರಿಸಿದರೆ, ಶಾಕಿನಿಂದ ಪಾರಾದ ರೋಗಿ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿ ಐಸಿಯುಗೆ ಹೋಗುತ್ತಾರೆ.