ಕ್ಲಾನ್‌ನಿಂದ ಒಬಾಮಾ ತನಕ: ರಾಬರ್ಟ್ ಬರ್ಡ್ ಬದಲಾದದ್ದು ಯಾವಾಗ?

2010ರ ಜೂನ್ 28ರಂದು ರಾಬರ್ಟ್ ಬರ್ಡ್ ತೀರಿಕೊಂಡರು. 92 ವರ್ಷ. ವೆಸ್ಟ್ ವರ್ಜೀನಿಯಾ ರಾಜ್ಯದ ಪರವಾಗಿ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಕೂತೇ 51 ವರ್ಷ ದಾಟಿತ್ತು. ಶ್ರದ್ಧಾಂಜಲಿ ಸಭೆಗೆ ಒಬಾಮಾ ಬಂದು ಮಾತಾಡಿದರು, ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂತಾಪ ಸೂಚಿಸಿತು. ಇದೇ ಮನುಷ್ಯ ಒಂದು ಕಾಲಕ್ಕೆ, ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಸ್ಥಳೀಯ ಮುಖಂಡ!

ಬರ್ಡ್ ಕೂಸಾಗಿದ್ದಾಗಲೇ ತಾಯಿ 1918ರ ಫ್ಲೂಗೆ ಬಲಿಯಾದರು. ಸಾಕಿದ್ದು ಕಲ್ಲಿದ್ದಲು ಗಣಿ ಊರಿನ ಸೋದರತ್ತೆಯ ಮನೆಯವರು. ದಿನಸಿ ಅಂಗಡಿಯಲ್ಲಿ ಮಾಂಸ ಕತ್ತರಿಸುವ ಕೆಲಸ ಮಾಡುತ್ತಿದ್ದ ಹುಡುಗ 1940ರ ದಶಕದ ಶುರುವಿನಲ್ಲಿ ಕ್ಲಾನ್ ಸೇರಿದ, ಬರೀ ಸೇರಲಿಲ್ಲ, ಸುಮಾರು 150 ಜನರನ್ನು ಸೇರಿಸಿ ಶಾಖೆಯನ್ನೇ ಕಟ್ಟಿದ. ಕಪ್ಪು ಸೈನಿಕನ ಪಕ್ಕ ನಿಂತು ನಾನು ಯಾವತ್ತೂ ಯುದ್ಧ ಮಾಡಲ್ಲ ಅಂತ ಮಿಸಿಸಿಪ್ಪಿಯ ಸೆನೆಟರ್ ಬಿಲ್ಬೋಗೆ ಕಾಗದವನ್ನೂ ಬರೆದ.

1952ರಲ್ಲಿ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ನಿಂತಾಗ, ಕ್ಲಾನ್‌ನಲ್ಲಿ ಇದ್ದದ್ದು ಹೆಚ್ಚೂಕಡಿಮೆ ಒಂದು ವರ್ಷ, ಆಮೇಲೆ ಆಸಕ್ತಿ ಹೋಯಿತು ಎಂದರು. ಅಷ್ಟರಲ್ಲಿ 1946ರ ಇನ್ನೊಂದು ಕಾಗದ ಹೊರಬಂತು. ಕ್ಲಾನ್ ಹಿಂದೆಂದಿಗಿಂತ ಈಗ ಬೇಕಾಗಿದೆ ಎಂದು ಅದರ ನಾಯಕನಿಗೆ ಬರೆದದ್ದು. ಆದರೂ ಗೆದ್ದರು.

1964ರ ಜೂನ್ 9ರ ಸಂಜೆ ಬಣ್ಣಭೇದ ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆ ಮತಕ್ಕೆ ಬರದಂತೆ ತಡೆಯಲು ಮಾತಿಗೆ ನಿಂತವರು ಮುಗಿಸಿದ್ದು ಮರುದಿನ ಬೆಳಿಗ್ಗೆ. ಒಟ್ಟು 14 ಗಂಟೆ 13 ನಿಮಿಷ. ಆ ದಿನವೇ 71-29 ಮತಗಳಿಂದ ಸೆನೆಟ್ ಚರ್ಚೆಗೆ ತೆರೆ ಎಳೆಯಿತು. 1965ರ ಮತದಾನ ಹಕ್ಕು ಮಸೂದೆಗೂ ಅವರದು ವಿರೋಧವೇ. 1967ರಲ್ಲಿ ಸುಪ್ರೀಂ ಕೋರ್ಟ್‌ಗೆ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ ಥರ್‌ಗುಡ್ ಮಾರ್ಷಲ್ ಬಂದಾಗಲೂ ಬೇಡ ಎಂದರು.

1968 ಮಾತ್ರ ವಿಚಿತ್ರ. ಮಾರ್ಚ್‌ನಲ್ಲಿ, ಮನೆ ಕೊಡುವಾಗ ಬಣ್ಣ ನೋಡಬಾರದು ಎನ್ನುವ ಮಸೂದೆಗೆ ಹೌದು ಎಂದರು. ಅದೇ ತಿಂಗಳ ಕೊನೆಗೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಸ್ವಾರ್ಥಿ, ಗಲಭೆ ಎಬ್ಬಿಸುವವ ಎಂದು ಜರೆದರು. ವಾರ ಕಳೆಯುವುದರೊಳಗೆ ಕಿಂಗ್ ಹತ್ಯೆಯಾಯಿತು. ಅದೇ ಕಿಂಗ್ ಹೆಸರಿನ ರಾಷ್ಟ್ರೀಯ ರಜೆಗೆ 1983ರಲ್ಲಿ ಬರ್ಡ್ ಮತ ಹಾಕಿದರು. ನಡುವೆ, 1982ರಲ್ಲಿ, ಹದಿಹರೆಯದ ಮೊಮ್ಮಗ ರಸ್ತೆ ಅಪಘಾತದಲ್ಲಿ ಹೋಗಿದ್ದ. ಕಪ್ಪು ಜನರಿಗೂ ತಮ್ಮ ಮಕ್ಕಳ ಮೇಲೆ ಇಷ್ಟೇ ಪ್ರೀತಿ ಇರುತ್ತದಲ್ಲಾ ಎಂದು ಆಗ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. 65ನೇ ವಯಸ್ಸಿನ ಹೊತ್ತಿಗೆ ಹೊಳೆಯಿತಾ ಅಂತ ಕೇಳಬಹುದು. ಕೇಳಬೇಕು ಕೂಡ.

ಬದಲಾದರು, ನಿಜ. ಆದರೂ 2001ರಲ್ಲಿ ಟೀವಿ ಸಂದರ್ಶನದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಹಳೆಯ ಬೈಗುಳ ಬಾಯಿಂದ ಜಾರಿ ಕ್ಷಮೆ ಕೇಳಬೇಕಾಯಿತು. 2008ರ ಮೇನಲ್ಲಿ, ಅವರದೇ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಅವರ ರಾಜ್ಯದ ಮತದಾರರು ಒಬಾಮಾ ಎದುರು ಹಿಲರಿ ಕ್ಲಿಂಟನ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದರು. ಅದಾದ ಕೆಲವೇ ದಿನಕ್ಕೆ ಬರ್ಡ್ ಬೆಂಬಲ ಕೊಟ್ಟದ್ದು ಒಬಾಮಾಗೆ. ಇಲ್ಲಿ ಮತದ ಲೆಕ್ಕಾಚಾರ ಹುಡುಕಿದರೂ ಸಿಗಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಬಿಲ್ ಕ್ಲಿಂಟನ್, ಆತ ಗುಡ್ಡಗಾಡಿನ ಹಳ್ಳಿ ಹುಡುಗ, ಚುನಾವಣೆ ಗೆಲ್ಲಲು ನೋಡುತ್ತಿದ್ದ ಎಂದು ಕ್ಲಾನ್ ವಿಷಯವನ್ನು ಹಗುರ ಮಾಡಿದರು. ನನಗೆ ಇದು ಸರಿ ಕಾಣಲ್ಲ. ಬಿಲ್ಬೋಗೆ ಕಾಗದ ಬರೆದಾಗ ಬರ್ಡ್ ಇನ್ನೂ ಒಂದು ಚುನಾವಣೆಗೂ ನಿಂತಿರಲಿಲ್ಲ. ಅದು ಖಾಸಗಿ ಕಾಗದ, ಅದರಿಂದ ಒಂದು ಓಟೂ ಸಿಗುತ್ತಿರಲಿಲ್ಲ. ಆಗ ಅವರು ನಂಬಿದ್ದೇ ಅದನ್ನು.