ಬೇಕರ್ ಬೀದಿಯಿಂದ ಮೊಬೈಲ್ ಯುಗಕ್ಕೆ: ಹೋಮ್ಸ್ ಬಂದ ದಾರಿ

ಷರ್ಲಾಕ್ ಹೋಮ್ಸ್‌ನನ್ನು ಇಂದಿನ ಲಂಡನ್ನಿಗೆ ತಂದ ಬಿಬಿಸಿಯ ‘ಷರ್ಲಾಕ್’ 2010ರ ಜುಲೈ 25ರಂದು ಪ್ರಸಾರವಾದಾಗ, ಮೂಲ ಕಥೆಗಳ ಅಭಿಮಾನಿಗಳಲ್ಲಿ ಅನೇಕರು ನೋಡಲು ಕುಳಿತದ್ದು ಅನುಮಾನದಿಂದ, ಎದ್ದದ್ದು ಮೆಚ್ಚುಗೆಯಿಂದ. 2017ರ ಹೊತ್ತಿಗೆ ಆ ಮೆಚ್ಚುಗೆಯ ಜಾಗದಲ್ಲಿ ಜಗಳ ಬಂದು ಕುಳಿತಿತ್ತು. ಕಾಲ ಬದಲಿಸಿದ್ದು ಮೂಲಕ್ಕೆ ಬಗೆದ ದ್ರೋಹವೇ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿರುವುದರಿಂದ ತುಸು ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು.

1887ರಿಂದ 1927ರವರೆಗೆ ಆರ್ಥರ್ ಕಾನನ್ ಡಾಯ್ಲ್ ಈ ಪತ್ತೇದಾರನ ಕುರಿತು ನಾಲ್ಕು ಕಾದಂಬರಿಗಳನ್ನೂ 56 ಸಣ್ಣ ಕಥೆಗಳನ್ನೂ ಪ್ರಕಟಿಸಿದರು. 1891ರಲ್ಲಿ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಮೊದಲ ಕಥೆಗಳನ್ನು ಓದಿದವರಿಗೆ ಹೋಮ್ಸ್ ಗತಕಾಲದವನಾಗಿರಲಿಲ್ಲ. ರಾಸಾಯನಿಕ ಪರೀಕ್ಷೆ, ರೈಲು ವೇಳಾಪಟ್ಟಿ, ಪತ್ರಿಕಾ ಜಾಹೀರಾತುಗಳನ್ನು ಆಯುಧ ಮಾಡಿಕೊಂಡ, ತಂತಿ ಸಾಕಾಗುವಲ್ಲಿ ಪತ್ರ ಬರೆಯದ ಸಮಕಾಲೀನನಾಗಿದ್ದ. ಮಂಜು, ಗ್ಯಾಸ್ ದೀಪ, ಕುದುರೆಗಾಡಿಗಳು ಗತವೈಭವದ ಅಲಂಕಾರಗಳಾದದ್ದು ಆಮೇಲೆ. ಬೇಸಿಲ್ ರಾತ್‌ಬೋನ್ 1939ರ ಎರಡು ಚಿತ್ರಗಳಲ್ಲಿ ವಿಕ್ಟೋರಿಯಾ ಕಾಲದ ಹೋಮ್ಸ್ ಆಗಿದ್ದರೂ, 1942ರಿಂದ 1946ರವರೆಗಿನ ಹನ್ನೆರಡು ಚಿತ್ರಗಳಲ್ಲಿ ಸಮಕಾಲೀನ ಉಡುಪು ತೊಟ್ಟು ನಾಜಿ ಗೂಢಚಾರರನ್ನೂ ಬೆನ್ನಟ್ಟಿದ್ದರು. 1984ರಿಂದ 1994ರವರೆಗೆ ಗ್ರನಾಡಾ ಟೆಲಿವಿಷನ್ನಿಗಾಗಿ ಜೆರೆಮಿ ಬ್ರೆಟ್ ನಟಿಸಿದ ಸರಣಿ ಎಷ್ಟು ಅಧಿಕೃತವೆನಿಸಿತೆಂದರೆ, ಹಳೆಯ ಲಂಡನ್ನಿನ ಹೊರಗೆ ಈ ಪಾತ್ರಕ್ಕೆ ಬಾಳುವೆಯೇ ಇಲ್ಲವೆಂಬ ಭಾವನೆ ಬೇರೂರಿತು.

ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ‘ಡಾಕ್ಟರ್ ಹೂ’ ಸರಣಿಗಾಗಿ ಬರೆಯುತ್ತಿದ್ದ ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್, ಕಾರ್ಡಿಫ್‌ಗೆ ಹೋಗುವ ರೈಲಿನಲ್ಲಿ ಹೊಸ ಸರಣಿಯ ಮಾತು ಆರಂಭಿಸಿದಾಗ, ರಾತ್‌ಬೋನ್ ಚಿತ್ರಗಳ ಮೇಲೆ ಇಬ್ಬರಿಗೂ ಇದ್ದ ಪ್ರೀತಿ ಕೆಲಸಕ್ಕೆ ಬಂದಿತು. ಹೋಮ್ಸ್‌ನ ಸಂಗಾತಿಯಾದ ಮೂಲದ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಮರಳಿದ ಸೇನಾ ವೈದ್ಯ. 2010ರಲ್ಲೂ ಬ್ರಿಟಿಷ್ ಸೇನೆ ಅಲ್ಲಿ ಹೋರಾಡುತ್ತಿದ್ದುದರಿಂದ ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲ. ಮೊದಲು ಚಿತ್ರೀಕರಿಸಿದ ಒಂದು ಗಂಟೆಯ ಕಂತನ್ನು ಪ್ರಸಾರ ಮಾಡದೆ ಬದಿಗಿಟ್ಟು, ಒಂದೂವರೆ ಗಂಟೆಯ ಮೂರು ಕಂತುಗಳನ್ನು ಹೊಸದಾಗಿ ತಯಾರಿಸಿದ್ದು ವಿವೇಕದ ನಿರ್ಧಾರವಾಗಿತ್ತು.

ರೂಪಾಂತರದ ಜಾಣ್ಮೆಯನ್ನು ನೋಡಲು ಒಂದು ದೃಶ್ಯ ಸಾಕು. 1890ರ ಕಾದಂಬರಿಯಲ್ಲಿ ವಾಟ್ಸನ್ ಕೊಟ್ಟ ಜೇಬುಗಡಿಯಾರದ ಕೀಲಿರಂಧ್ರದ ಸುತ್ತಲಿನ ಗೀರುಗಳಿಂದ, ಅದು ಕುಡುಕನೊಬ್ಬನ ಕೈಯಲ್ಲಿತ್ತೆಂದು ಹೋಮ್ಸ್ ಊಹಿಸುತ್ತಾನೆ. ಸರಣಿಯಲ್ಲಿ ಗಡಿಯಾರದ ಜಾಗಕ್ಕೆ ಮೊಬೈಲ್ ಬಂದಿದೆ, ಗೀರುಗಳು ಚಾರ್ಜರ್ ಸಿಕ್ಕಿಸುವ ತೂತಿನ ಸುತ್ತ ಇವೆ. ತರ್ಕದ ಎಳೆ ಒಂದೂ ಕಡಿದಿಲ್ಲ. ಆದರೆ ಫೋನಿನ ಹಿಂದಿನ ಮಾಲೀಕ ಹ್ಯಾರಿ ವಾಟ್ಸನ್‌ನ ಸಹೋದರನಲ್ಲ, ಸಹೋದರಿ ಎಂಬಲ್ಲಿ ಪತ್ತೇದಾರ ಎಡವುತ್ತಾನೆ. ಮೂಲವನ್ನು ಬಾಯಿಪಾಠ ಮಾಡಿದವರಿಗೂ ಇದು ಹೊಸತು. ಫೋನಿನ ಸಂದೇಶಗಳನ್ನು ದೃಶ್ಯದ ಮೇಲೆಯೇ ಅಕ್ಷರಗಳಾಗಿ ತೇಲಿಸಿದ ನಿರ್ದೇಶಕ ಪಾಲ್ ಮೆಕ್‌ಗೈಗನ್ ಅವರ ತಂತ್ರವೂ ಬರಿಯ ಶೋಕಿಯಾಗಿರದೆ, ತಂತಿ ಕಳಿಸುತ್ತಿದ್ದವನ ಅವಸರದ ಸ್ವಭಾವಕ್ಕೆ ಸಹಜವಾಗಿ ಒಪ್ಪಿತು. ಹೋಮ್ಸ್ ಆದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ವೇಗದ ಎದುರು ವಾಟ್ಸನ್ ಆದ ಮಾರ್ಟಿನ್ ಫ್ರೀಮನ್ ಅವರ ಸಂಯಮ ನಿಲ್ಲದಿದ್ದರೆ ಇವೆಲ್ಲವೂ ಕಸರತ್ತಾಗಿ ಕಾಣುತ್ತಿತ್ತೇನೋ.

ಮುಂದಿನದು ಬೇರೆ ಕಥೆ. 2012ರ ಜನವರಿಯಲ್ಲಿ ನಾಯಕ ಕಟ್ಟಡದಿಂದ ಬಿದ್ದು ಸತ್ತಂತೆ ತೋರಿಸಿದ ಮೇಲೆ ಎರಡು ವರ್ಷ ಹೊಸ ಕಂತು ಬರಲಿಲ್ಲ, ಆ ಬಿಡುವಿನಲ್ಲಿ ಅಭಿಮಾನಿಗಳು ಕಟ್ಟಿದ ಊಹೆಗಳು ಸರಣಿಯ ಬೆನ್ನೇರಿದವು. ಪ್ರಕರಣಗಳು ಹಿಂದೆ ಸರಿದು, ಪತ್ತೇದಾರನ ಕುಟುಂಬ ಮತ್ತು ಮನಸ್ಸೇ ಬಿಡಿಸಬೇಕಾದ ಒಗಟುಗಳಾದವು. ಒಟ್ಟು 13 ಕಂತುಗಳಲ್ಲಿ ಮೊದಲರ್ಧದ ಹಿಡಿತ ಕೊನೆಯವುಗಳಲ್ಲಿ ಇಲ್ಲ. ಆದರೆ ಆ ದೋಷವನ್ನು ಮೊಬೈಲ್ ಫೋನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಏಕೆಂದರೆ ಅದೇ ಅವಧಿಯಲ್ಲಿ ಅಮೆರಿಕದ ‘ಎಲಿಮೆಂಟರಿ’ ಸರಣಿ ಹೋಮ್ಸ್‌ನನ್ನು ಇಂದಿನ ನ್ಯೂಯಾರ್ಕ್‌ನಲ್ಲಿಟ್ಟು, ವಾಟ್ಸನ್ ಪಾತ್ರವನ್ನು ಲೂಸಿ ಲಿಯು ಅವರಿಗೆ ಕೊಟ್ಟು, ಕಂತಿಗೊಂದು ಪ್ರಕರಣದಂತೆ 2012ರಿಂದ 2019ರವರೆಗೆ 154 ಕಂತು ನಡೆಯಿತು.

ಡಾಯ್ಲ್ ಕಥೆಗಳ ಹಕ್ಕುಸ್ವಾಮ್ಯದ ಗೋಜಲು ಇದಕ್ಕೆ ಸಮಾನಾಂತರವಾಗಿ ಸಾಗಿತು. ಬ್ರಿಟನ್ನಿನಲ್ಲಿ ಅದು 2000ದ ಕೊನೆಗೇ ಮುಗಿದಿತ್ತು. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನ ಕಥೆಗಳ ಹೋಮ್ಸ್ ಎಲ್ಲರಿಗೂ ಮುಕ್ತ ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದಾಗಲೂ ಹತ್ತು ಕಥೆಗಳು ರಕ್ಷಣೆಯಲ್ಲೇ ಉಳಿದಿದ್ದವು. ಅವುಗಳಲ್ಲಿ ಕೊನೆಯವು 2023ರ ಜನವರಿ 1ರಂದು ಮುಕ್ತವಾದವು.